ನಾಗಪುರದ ‘ಕವಿ’ಯೂ ಒಂದು ಕೆಂಪು ಗೆರೆಯೂ

ನಾಗಪುರದಲ್ಲಿ ‘ಕವಿ’ ಎಂಬ ಪದಕ್ಕೆ ಎರಡು ಕಾಗುಣಿತ. ಹಿಂದಿಯಲ್ಲಿ ಬರೆದರೆ ಕೊನೆಯ ಇಕಾರ ಹ್ರಸ್ವ, ಕನ್ನಡದಲ್ಲಿರುವ ಹಾಗೆಯೇ. ಮರಾಠಿಯಲ್ಲಿ ಬರೆದರೆ ದೀರ್ಘ: ‘ಕವೀ’. ಎರಡಕ್ಕೂ ಲಿಪಿ ದೇವನಾಗರಿಯೇ, ಪದ ಸಂಸ್ಕೃತದಿಂದ ಬಂದದ್ದೇ, ಅರ್ಥದಲ್ಲೂ ವ್ಯತ್ಯಾಸವಿಲ್ಲ. ಇನ್ನೂ ವಿಚಿತ್ರವೆಂದರೆ ಮರಾಠಿಯಲ್ಲೇ ‘ಕವಿಸಂಮೇಲನ’ ಎಂದು ಸಮಾಸ ಮಾಡಿದ ಕೂಡಲೇ ಆ ದೀರ್ಘ ಮತ್ತೆ ಹ್ರಸ್ವವಾಗುತ್ತದೆ. ಈ ಊರಿನ ಅನುವಾದಕರೊಬ್ಬರು ಕಂಪ್ಯೂಟರಿನಲ್ಲಿ ಬೆಳಿಗ್ಗೆ ಹಿಂದಿ ಕಡತ, ಮಧ್ಯಾಹ್ನ ಮರಾಠಿ ಕಡತ ತೆರೆದರೆಂದುಕೊಳ್ಳಿ. ಬೆಳಿಗ್ಗೆ ಸರಿಯಾಗಿದ್ದ ಪದದ ಕೆಳಗೆ ಮಧ್ಯಾಹ್ನ ಕೆಂಪು ಗೆರೆ ಬೀಳಬೇಕು. ಬೀಳದಿದ್ದರೆ ಹಿಂದಿನ ಪದಪಟ್ಟಿ ಬದಲಾಗಿಲ್ಲ ಎಂದರ್ಥ.

ಮರಾಠಿಯ ಈ ದೀರ್ಘಕ್ಕೆ ತಾರೀಖುಂಟು. ಪುಣೆ, ಮುಂಬೈ, ಔರಂಗಾಬಾದ್‌ಗಳ ಸಾಹಿತ್ಯ ಸಂಸ್ಥೆಗಳೂ 1923ರಲ್ಲಿ ಹುಟ್ಟಿದ, ನಾಗಪುರದ ವಿದರ್ಭ ಸಾಹಿತ್ಯ ಸಂಘವೂ ಸೇರಿ 1961ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಮಹಾಮಂಡಳ ರೂಪುಗೊಂಡಿತು. ಮಹಾಮಂಡಳ ಸಿದ್ಧಪಡಿಸಿದ ಶುದ್ಧಲೇಖನದ 14 ನಿಯಮಗಳನ್ನು ಮಹಾರಾಷ್ಟ್ರ ಸರ್ಕಾರ 1962ರಲ್ಲಿ ಒಪ್ಪಿತು. 1972ರಲ್ಲಿ ಇನ್ನೂ ನಾಲ್ಕು ಸೇರಿದವು. ಸಂಸ್ಕೃತದಿಂದ ಬಂದ ಇಕಾರಾಂತ, ಉಕಾರಾಂತ ಪದಗಳನ್ನು ಮರಾಠಿಯಲ್ಲಿ ದೀರ್ಘವಾಗಿ ಬರೆಯಬೇಕೆಂಬುದು ಅವುಗಳಲ್ಲೊಂದು. ಉಚ್ಚಾರದಲ್ಲಿಲ್ಲದ ಅನುಸ್ವಾರಗಳನ್ನು ಬಿಡಬೇಕೆಂಬುದು ಇನ್ನೊಂದು. ಅಲ್ಲಿಯವರೆಗೆ ಹೆಸರಿಗೆ ‘ನಾಂವ’ ಎಂದು ಬರೆಯುತ್ತಿದ್ದವರು ‘ನಾವ’ ಎಂದು ಬರೆಯತೊಡಗಿದರು. ಮೋರೋ ಕೇಶವ ದಾಮಲೆಯವರು 1911ರಲ್ಲಿ ಪ್ರಕಟಿಸಿದ ‘ಶಾಸ್ತ್ರೀಯ ಮರಾಠೀ ವ್ಯಾಕರಣ’ ಇಂದಿಗೂ ಆ ಭಾಷೆಯ ದೊಡ್ಡ ವ್ಯಾಕರಣ. ಅದರ ಮೂಲ ಮುದ್ರಣವನ್ನೇ ಇಂದಿನ ತಪ್ಪು ಹಿಡಿಯುವ ಸಾಧನಕ್ಕೆ ಕೊಟ್ಟರೆ ಪುಟಪುಟವೂ ಕೆಂಪಾದೀತು. (ಕನ್ನಡಿಗರು ನೆನಪಿಟ್ಟುಕೊಳ್ಳಬಹುದಾದ ಸಂಗತಿ: ಈ ದಾಮಲೆಯವರ ಅಣ್ಣ, ಆಧುನಿಕ ಮರಾಠಿ ಕಾವ್ಯಕ್ಕೆ ದಾರಿ ತೆರೆದ ಕೇಶವಸುತ, ಕೊನೆಯ ದಿನಗಳಲ್ಲಿ ಧಾರವಾಡದಲ್ಲಿ ಮೇಷ್ಟರಾಗಿದ್ದು 1905ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗಿಗೆ ತುತ್ತಾದರು.)

ಹಿಂದಿ ಮತ್ತು ಮರಾಠಿ ನಾಗಪುರದಲ್ಲಿ ಬರಿಯ ಮನೆಮಾತುಗಳಾಗಿ ಅಕ್ಕಪಕ್ಕ ಇದ್ದವಲ್ಲ. 1950ರ ಕಾನೂನಿನ ಪ್ರಕಾರ ಎರಡೂ ರಾಜ್ಯದ ಅಧಿಕೃತ ಭಾಷೆಗಳು. ಮಧ್ಯಪ್ರಾಂತ ಮತ್ತು ಬೇರಾರ್ ಆಗಿದ್ದ ರಾಜ್ಯ ಮಧ್ಯಪ್ರದೇಶವೆಂದು ಹೆಸರು ಬದಲಿಸಿಕೊಂಡ ಮೇಲೂ ನಾಗಪುರವೇ ಅದರ ರಾಜಧಾನಿ. ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಚೇರಿಯನ್ನು ಎರಡು ದೇಶಭಾಷೆಗಳಿಗೆ ತಿರುಗಿಸಬೇಕೆಂದರೆ ಸಾವಿರಾರು ಪದಗಳು ಬೇಕು. ಅವನ್ನು ಒದಗಿಸಲು ಹೊರಟವರು ರಘುವೀರ. ರಾವಲ್ಪಿಂಡಿಯಲ್ಲಿ 1902ರಲ್ಲಿ ಹುಟ್ಟಿದ ಈ ಸಂಸ್ಕೃತ ವಿದ್ವಾಂಸರು ಲಾಹೋರಿನಲ್ಲಿ ಕಟ್ಟಿದ್ದ ತಮ್ಮ ಸಂಶೋಧನ ಸಂಸ್ಥೆಯನ್ನು ದೇಶವಿಭಜನೆಗೆ ಮುಂಚೆಯೇ, 1946ರಲ್ಲಿ, ನಾಗಪುರಕ್ಕೆ ತಂದರು. ಮುಖ್ಯಮಂತ್ರಿ ರವಿಶಂಕರ ಶುಕ್ಲರ ಸರ್ಕಾರದ ಬೆಂಬಲವೂ ದೊರಕಿತು. ಅವರ ಇಂಗ್ಲಿಷ್-ಹಿಂದಿ ಬೃಹತ್ ಕೋಶ 1955ರಲ್ಲಿ ಪ್ರಕಟವಾದದ್ದು ಇಲ್ಲಿಂದಲೇ.

ರಘುವೀರರ ವಿಧಾನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯಂತ್ರಗಳು ಮುಂದೆ ಮಾಡಿದ್ದಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇದೆ. ಅವರು ಪದಗಳನ್ನು ಸಂತೆಬೀದಿಯಲ್ಲಿ ಹುಡುಕಲಿಲ್ಲ, ತಯಾರಿಸಿದರು. ಸಂಸ್ಕೃತದ ಧಾತುಗಳು ಕೆಲವು ನೂರು, ಮುಂದೆ ಹತ್ತುವ ಉಪಸರ್ಗಗಳು ಇಪ್ಪತ್ತರಷ್ಟು, ಹಿಂದೆ ಹತ್ತುವ ಪ್ರತ್ಯಯಗಳು ಹತ್ತಾರು. ಇವನ್ನು ನಿಯಮದಂತೆ ಜೋಡಿಸುತ್ತ ಹೋದರೆ ಲಕ್ಷಗಟ್ಟಲೆ ಪದ ಹುಟ್ಟುತ್ತದೆ. ‘ವಿಧಿ’ಯ ಮನೆತನವನ್ನೇ ನೋಡಿ: ವಿಧಾನ, ಸಂವಿಧಾನ, ವಿಧೇಯಕ, ವಿಧಾಯಕ, ವೈಧ, ಅವೈಧ. ಇಂಗ್ಲಿಷಿನಲ್ಲಿ ಒಂದಕ್ಕೊಂದು ಮುಖ ಹೋಲದ ಪದಗಳು ಇಲ್ಲಿ ಅಣ್ಣತಮ್ಮಂದಿರಂತೆ ಸಾಲಾಗಿ ನಿಲ್ಲುತ್ತವೆ. ಈ ಅಂದಕ್ಕೆ ಮರುಳಾಗದ ಭಾಷಾಪ್ರೇಮಿ ಇಲ್ಲ. ಆದರೆ ಕಚೇರಿಯ ಗುಮಾಸ್ತನಿಗೂ ಅರ್ಜಿ ಹಿಡಿದು ಬಂದ ರೈತನಿಗೂ ಆ ಅಂದ ಕಾಣಿಸಬೇಕೆಂದೇನಿಲ್ಲ. ಸಂವಿಧಾನದ ಹಿಂದಿ ಅನುವಾದ ಸಮಿತಿಯ ಅಧ್ಯಕ್ಷರಾಗಿದ್ದ ಘನಶ್ಯಾಮ ಸಿಂಗ್ ಗುಪ್ತರೂ ಇದೇ ನಾಗಪುರದ ವಿಧಾನಸಭೆಯ ಸ್ಪೀಕರ್; ಈ ಬಗೆಯ ಸಂಸ್ಕೃತಭಾರದ ಹಿಂದಿಯ ಬಗ್ಗೆ ನೆಹರೂ ಅವರಿಗೆ ಇದ್ದ ಅಸಮಾಧಾನ ಎಲ್ಲರಿಗೂ ಗೊತ್ತಿದ್ದದ್ದೇ. 1961ರಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗ ಸ್ಥಾಪಿಸಿದಾಗ, ಜಗತ್ತೆಲ್ಲ ಬಳಸುವ ಪದಗಳನ್ನು ಆದಷ್ಟು ಹಾಗೆಯೇ ಇಟ್ಟುಕೊಳ್ಳುವ ದಾರಿ ಹಿಡಿಯಲಾಯಿತು.

ಅಷ್ಟರೊಳಗೆ ನಾಗಪುರವೇ ಬದಲಾಗಿತ್ತು. 1956ರ ನವೆಂಬರ್ 1ರಂದು, ಕನ್ನಡಿಗರು ಇಂದು ರಾಜ್ಯೋತ್ಸವವೆಂದು ಆಚರಿಸುವ ಅದೇ ದಿನ, ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿ ರಾಜಧಾನಿಯ ಪಟ್ಟ ಕಳೆದುಕೊಂಡಿತು. ರಘುವೀರರ ಸಂಸ್ಥೆಯೂ ಅದೇ ವರ್ಷ ದೆಹಲಿಗೆ ಹೋಯಿತು. ಪದಗಳು ಮಾತ್ರ ಗಡಿ ನೋಡದೆ ತಿರುಗಾಡಿದವು. ಕರ್ನಾಟಕದ ರಾಜ್ಯಪತ್ರದಲ್ಲಿ ‘ವಿಧೇಯಕ’, ‘ಅಧಿನಿಯಮ’ ಎಂಬ ಪದಗಳಿವೆ. ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ ‘ಮಸೂದೆ’, ‘ಕಾಯ್ದೆ’ಯಾಗಿ ಬರುತ್ತದೆ. ನಾಲ್ಕೂ ಪದಗಳು ನಿಘಂಟಿನಲ್ಲಿವೆ, ನಾಲ್ಕಕ್ಕೂ ಗೆರೆ ಬೀಳುವುದಿಲ್ಲ. ಎಲ್ಲಿ ಯಾವುದು ಸಲ್ಲುತ್ತದೆ ಎಂಬ ಪ್ರಶ್ನೆಯಲ್ಲೇ ಅನುವಾದಕರ ದಿನದ ಅರ್ಧ ಕಳೆಯುತ್ತದೆ. ಆ ಅರ್ಧ ದಿನವನ್ನು ಉಳಿಸಿಕೊಡುವ ಸಾಧನ ಇನ್ನೂ ಬಂದಿಲ್ಲ.

ರಘುವೀರರು ಜೋಡಿಸಿದ್ದನ್ನು ಕಂಪ್ಯೂಟರಿನವರು ಬಿಡಿಸತೊಡಗಿದರು. ಮೊದಮೊದಲು ಅದೂ ಇರಲಿಲ್ಲ, ಬರೀ ಪಟ್ಟಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೆಸ್ ಅರ್ನೆಸ್ಟ್ ಕೈಬರಹ ಓದುವ ಪ್ರೋಗ್ರಾಮಿಗೆ ನೆರವಾಗಲೆಂದು 10,000 ಪದಗಳ ಪಟ್ಟಿಯನ್ನು ಜೋಡಿಸಿದ್ದರು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೋರಿನ್ ಬರೆದ ಪ್ರೋಗ್ರಾಮು ತಪ್ಪನ್ನು ತೋರಿಸಿದ್ದಲ್ಲದೆ, ಒಂದಕ್ಷರ ಆಚೀಚೆ ಮಾಡಿ ಸರಿ ಪದವನ್ನೂ ಸೂಚಿಸಿತು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್‌ಗೆ ಸಿಕ್ಕಿದ್ದು 64 ಕಿಲೋಬೈಟಿನ ಇಕ್ಕಟ್ಟಾದ ಜಾಗ. ಇಂದಿನ ಮೊಬೈಲಿನಲ್ಲಿ ಒಂದು ಮಸುಕು ಚಿತ್ರಕ್ಕೂ ಅಷ್ಟು ಸಾಲದು. ಅದರಲ್ಲಿ ಅವರು ಸುಮಾರು 30,000 ಪದಗಳನ್ನು ತುರುಕಿದರು. ಬಾಲಗಳನ್ನು ಕತ್ತರಿಸಿ ಮೂಲವನ್ನಷ್ಟೇ ಇಟ್ಟುಕೊಳ್ಳುವುದು ಅವರ ಉಪಾಯಗಳಲ್ಲೊಂದು. ಇಂಗ್ಲಿಷಿಗೆ ಬಾಲ ಕಡಿಮೆ. ಹಾಗಾಗಿ ಇದು ಚೆನ್ನಾಗಿಯೇ ನಡೆಯಿತು. ವ್ಯಾಕರಣದ ತಪ್ಪು ಹಿಡಿಯುವ ಸಾಧನಗಳು ಇದರ ಬೆನ್ನಿಗೇ ಬಂದವು. 1981ರ ‘ಗ್ರಮಾಟಿಕ್’ ಸವಕಲು ನುಡಿಗಟ್ಟುಗಳನ್ನು ಪಟ್ಟಿಯಿಂದ ಹುಡುಕುತ್ತಿತ್ತು. 1997ರ ಮೈಕ್ರೋಸಾಫ್ಟ್ ವರ್ಡ್ ಹೊತ್ತಿಗೆ ವಾಕ್ಯವನ್ನು ನಿಜವಾಗಿ ಬಿಡಿಸಿ ನೋಡುವ ಸಾಧನ ಬಂದು ಕೆಂಪಿನ ಜೊತೆಗೆ ಹಸಿರು ಗೆರೆಯೂ ಕಾಣಿಸಿತು. ಆ ಹಸಿರು ಗೆರೆಗೆ ಕರ್ಮಣಿ ಪ್ರಯೋಗ ಕಂಡರಾಗದು. ಕರ್ಮಣಿಯಿಲ್ಲದೆ ಒಂದು ಸುತ್ತೋಲೆಯನ್ನೂ ಹೊರಡಿಸಲಾಗದ ನಮ್ಮ ಸರ್ಕಾರಿ ಇಂಗ್ಲಿಷಿನ ಮೇಲೆ ಅದು ಎಷ್ಟು ಹಸಿರು ಚೆಲ್ಲಿರಬೇಡ!

ಆಮೇಲೆ ಬರವಣಿಗೆಯೇ ಬ್ರೌಸರಿನೊಳಗೆ ಹೋಯಿತು. 2005ರಲ್ಲಿ ಶುರುವಾದ ‘ರೈಟ್ಲಿ’ಯನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು, ಅದೇ ಗೂಗಲ್ ಡಾಕ್ಸ್‌ನ ಬೇರು. ಡೇನಿಯಲ್ ನಾಬರ್ 2003ರಲ್ಲಿ ಜರ್ಮನಿಯಲ್ಲಿ ಪದವಿ ಪ್ರಬಂಧಕ್ಕಾಗಿ ಮಾಡಿದ ಕೆಲಸ ‘ಲ್ಯಾಂಗ್ವೇಜ್‌ಟೂಲ್’ ಆಯಿತು. 2009ರಲ್ಲಿ ಉಕ್ರೇನಿನವರು ‘ಗ್ರಾಮರ್ಲಿ’ ಆರಂಭಿಸಿದರು. ಇವು ಬ್ರೌಸರ್ ಎಕ್ಸ್‌ಟೆನ್ಷನ್ನುಗಳಾಗಿ ಬಂದು, ಯಾವ ಪುಟದಲ್ಲಿ ಏನು ಬರೆದರೂ ಹೆಗಲ ಮೇಲಿಂದ ಇಣುಕಿ ತಪ್ಪು ತೋರಿಸುವ ಮೇಷ್ಟರುಗಳಾದವು.

ಇಣುಕುವುದು ಎಂದದ್ದು ಬರೀ ಅಲಂಕಾರವಲ್ಲ. ಎಕ್ಸ್‌ಟೆನ್ಷನ್ ಪುಟದೊಳಗಿನ ಪಠ್ಯವನ್ನು ಓದುತ್ತದೆ, ಬಹಳಷ್ಟು ಸಲ ದೂರದ ಸರ್ವರ್‌ಗೆ ಕಳಿಸುತ್ತದೆ, ಅಲ್ಲಿಂದ ಬಂದ ಉತ್ತರದ ಪ್ರಕಾರ ಪುಟದ ಮೇಲೆ ಗೆರೆ ಎಳೆಯುತ್ತದೆ. 2018ರ ಫೆಬ್ರವರಿಯಲ್ಲಿ ಗೂಗಲ್‌ನ ಭದ್ರತಾ ಸಂಶೋಧಕ ಟಾವಿಸ್ ಒರ್ಮಂಡಿ ಗ್ರಾಮರ್ಲಿ ಎಕ್ಸ್‌ಟೆನ್ಷನ್ನಿನಲ್ಲಿ ಒಂದು ದೋಷ ಕಂಡುಹಿಡಿದರು: ಬಳಕೆದಾರರು ತೆರೆದ ಬೇರೆ ಯಾವುದೇ ಜಾಲತಾಣ ಅವರ ಖಾತೆಯೊಳಗಿನ ಬರಹಗಳನ್ನು ತಲುಪಬಹುದಾಗಿತ್ತು. ಕಂಪನಿ ಅದನ್ನು ಬಹುಬೇಗ ಸರಿಪಡಿಸಿತು. ಆದರೆ ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಯಾರದೋ ದಾವೆಯ ಕಾಗದವನ್ನೋ ಆಸ್ಪತ್ರೆಯ ವರದಿಯನ್ನೋ ಅನುವಾದಿಸುತ್ತಿರುವವರು, ಕಾಮಾ ಸರಿಮಾಡಲು ಅದನ್ನು ಮೂರನೆಯವರಿಗೆ ತೋರಿಸುತ್ತಿದ್ದೇವೆಂದು ಎಷ್ಟು ಸಲ ಯೋಚಿಸುತ್ತಾರೆ? ಲ್ಯಾಂಗ್ವೇಜ್‌ಟೂಲನ್ನು ಸ್ವಂತ ಕಂಪ್ಯೂಟರಿನಲ್ಲೇ ನಡೆಸಬಹುದು. ಆ ತೊಂದರೆ ತೆಗೆದುಕೊಳ್ಳುವವರು ಕಡಿಮೆ.

ಗೂಗಲ್ ಡಾಕ್ಸ್‌ಗೂ ಈ ಮೇಷ್ಟರುಗಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಸಾಮಾನ್ಯ ಪುಟದಲ್ಲಿ ಅಕ್ಷರ ಜೋಡಿಸುವುದು ಬ್ರೌಸರ್. ಡಾಕ್ಸ್ 2010ರಿಂದಲೇ ಸಾಲು, ಕರ್ಸರ್ ಎಲ್ಲವನ್ನೂ ತಾನೇ ಲೆಕ್ಕಹಾಕಿ ಇಡತೊಡಗಿತು. ಹಾಗಾಗಿ ಬೇರೆಡೆ ಸಲೀಸಾಗಿ ನಡೆಯುವ ಎಕ್ಸ್‌ಟೆನ್ಷನ್ನು ಇಲ್ಲಿ ವಿಶೇಷ ಸಿದ್ಧತೆಯಿಲ್ಲದೆ ಕೆಲಸ ಮಾಡದು. 2021ರ ಮೇ ತಿಂಗಳಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಇಟ್ಟಿತು: ಇನ್ನು ಮುಂದೆ ಡಾಕ್ಸ್‌ನ ಪುಟವನ್ನು ‘ಕ್ಯಾನ್ವಾಸ್’ ಮೇಲೆ ಚಿತ್ರದಂತೆ ಬಿಡಿಸಲಾಗುವುದು, ಪುಟದ ಒಳರಚನೆಯನ್ನು ಓದುತ್ತಿದ್ದ ಎಕ್ಸ್‌ಟೆನ್ಷನ್ನುಗಳು ಕೆಲಸ ನಿಲ್ಲಿಸಬಹುದು ಎಂದು ಘೋಷಿಸಿತು. ಕಣ್ಣಿಗೆ ಕಾಣುವುದು ಅದೇ ಅಕ್ಷರ. ಎಕ್ಸ್‌ಟೆನ್ಷನ್ನಿಗೆ ಮಾತ್ರ ಅಲ್ಲಿ ಅಕ್ಷರವೇ ಇಲ್ಲ, ಚುಕ್ಕೆಗಳಿವೆ. ದೊಡ್ಡ ಕಂಪನಿಗಳು ಹೊಸ ದಾರಿ ಮಾಡಿಕೊಂಡವು. ಬಿಡುವಿನ ವೇಳೆಯಲ್ಲಿ ಒಂದು ಸಣ್ಣ ಭಾಷೆಗಾಗಿ ಎಕ್ಸ್‌ಟೆನ್ಷನ್ ಬರೆಯುವವರಿಗೆ ಅದು ಅಷ್ಟು ಸುಲಭವಲ್ಲ.

ಕನ್ನಡದ ಮಟ್ಟಿಗೆ ಇದು ಎರಡನೆಯ ಬಾಗಿಲು ಮುಚ್ಚಿದ ಹಾಗೆ, ಮೊದಲನೆಯದೇ ಇನ್ನೂ ಪೂರ್ತಿ ತೆರೆದಿಲ್ಲದಿರುವಾಗ. ಲ್ಯಾಂಗ್ವೇಜ್‌ಟೂಲ್‌ನ ಭಾಷೆಗಳಲ್ಲಿ ತಮಿಳಿದೆ, ಕನ್ನಡವಿಲ್ಲ. ನಾಗಪುರದ ಎರಡು ಭಾಷೆಗಳೂ ಇಲ್ಲ. ಬಹಳ ವರ್ಷ ‘ಬರಹ’ ಮತ್ತು ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಆಗಿರಲಿಲ್ಲ, ರೋಮನ್ ಅಕ್ಷರಗಳ ಗೋಜಲಾಗಿತ್ತು. ಯೂನಿಕೋಡ್ ಬಂದು ಅದು ನೀಗಿದ ಮೇಲೂ ಉಳಿದದ್ದು ನಿಜವಾದ ಕಷ್ಟ. ‘ಹೋಗಲಾಗುತ್ತಿರಲಿಲ್ಲವೇನೋ’ ಎಂಬುದು ಒಂದು ಪದ. ಇಂಗ್ಲಿಷಿನವರಿಗೆ ಇಡೀ ವಾಕ್ಯ. ಯಾವ ಪಟ್ಟಿಯಲ್ಲಿ ಇದನ್ನು ಬರೆದಿಡುವುದು? ‘ಮನೆ’ಯೊಂದಕ್ಕೇ ಎರಡು ವಚನ, ಏಳು ವಿಭಕ್ತಿ ಹಿಡಿದರೆ 14 ರೂಪ, ಪ್ರತಿಯೊಂದೂ ಒಂಟಿಯಾಗಿ ನಿಲ್ಲಬಹುದು, ಇಲ್ಲವೇ ಊ, ಏ, ಓ, ಆ ಇವುಗಳಲ್ಲೊಂದನ್ನು ಹೊತ್ತುಕೊಳ್ಳಬಹುದು. ಅಲ್ಲಿಗೆ 70. ಇನ್ನೂ ‘ಮನೆಯವರು’, ‘ಮನೆಯಲ್ಲಿದ್ದವರು’ ಬಂದೇ ಇಲ್ಲ.

ಇದೇ ಕಷ್ಟ ಹಂಗೇರಿಯವರಿಗೂ ಇತ್ತು. ಅವರ ಭಾಷೆಯೂ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವಂಥದ್ದು. ಲಾಸ್ಲೋ ನೇಮೆತ್ ಅದಕ್ಕಾಗಿ ಕಟ್ಟಿದ ‘ಹನ್‌ಸ್ಪೆಲ್’ ಇಂದು ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಒಳಗಿದೆ. ಒಂದು ಕಡತದಲ್ಲಿ ಮೂಲಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ಆದರೆ ಅದು ಒಂದು ಪದದ ಹಿಂಬದಿಯಿಂದ ಎರಡು ಪ್ರತ್ಯಯಗಳನ್ನಷ್ಟೇ ಬಿಡಿಸಬಲ್ಲದು. ‘ಮನೆಗಳಲ್ಲಿಯೂ’ ಎಂಬ ಸಾದಾ ಪದದಲ್ಲೇ ಗಳು, ಅಲ್ಲಿ, ಊ ಎಂದು ಮೂರಾಯಿತು. ಕನ್ನಡದ ಕಡತ ಮಾಡುವವರು ಮೂರನ್ನು ಎರಡಾಗಿ ಬೆಸೆದು, ಬೆಸೆದದ್ದನ್ನೆಲ್ಲ ಒಂದೊಂದಾಗಿ ಬರೆಯಬೇಕು. ಬೆಸುಗೆ ಎಂದರೆ ಸಂಧಿ: ಮಾತು, ಇಲ್ಲ ಸೇರಿದರೆ ಒಂದು ಸ್ವರ ಹೋಗುತ್ತದೆ, ಮನೆ, ಅಲ್ಲಿ ಸೇರಿದರೆ ಒಂದು ಯಕಾರ ಬರುತ್ತದೆ, ಮಳೆ, ಕಾಲ ಸೇರಿದರೆ ಕಕಾರ ಗಕಾರವಾಗುತ್ತದೆ. ಲೋಪ, ಆಗಮ, ಆದೇಶ.

ಐಐಟಿ ಕಾನ್ಪುರದಲ್ಲಿ ವಿನೀತ ಚೈತನ್ಯ, ರಾಜೀವ್ ಸಂಗಲ್ ಮತ್ತು ಸಂಗಡಿಗರು ‘ಅನುಸಾರಕ’ ಎಂಬ ಯಂತ್ರಾನುವಾದವನ್ನು ಶುರುಮಾಡಿದಾಗ ಹಿಂದಿಗೆ ತರಲು ಆರಿಸಿದ ಭಾಷೆಗಳಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಅವರು 1995ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಪಾಣಿನಿ ಇದ್ದಾನೆ. ರಘುವೀರರು ಪದ ಕಟ್ಟಲು ಪಾಣಿನಿಯ ಪರಂಪರೆಗೆ ಹೋಗಿದ್ದರು. ಇವರು ಹೋದದ್ದು ವಾಕ್ಯ ಬಿಡಿಸಲು. ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗುತ್ತದೆ.

ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದು 13ನೆಯ ಶತಮಾನದಲ್ಲಿ, ಸುಮಾರು 1260ರಲ್ಲಿ. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದ ಸಂಕಲನಕಾರ, ಸೋದರಮಾವ ಜನ್ನ, ಅಂದರೆ ಮನೆ ತುಂಬ ಕವಿಗಳು. ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳುವ ದಾರಿಯೂ ಇತ್ತು. ಅವನಿಗಿಂತ ಹಿಂದೆ ನಾಗವರ್ಮ ‘ಕರ್ಣಾಟಕ ಭಾಷಾಭೂಷಣ’ದಲ್ಲಿ ಹಾಗೆ ಮಾಡಿದ್ದ; 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳಲ್ಲಿ ಹಾಗೆಯೇ ಮಾಡಿದ. ಕೇಶಿರಾಜ ಕಂದಪದ್ಯಗಳಲ್ಲಿ ಕನ್ನಡದಲ್ಲೇ ಹೇಳಿದ, ಪ್ರತಿ ನಿಯಮಕ್ಕೂ ಕವಿಪ್ರಯೋಗದ ಸಾಕ್ಷಿ ಕೊಟ್ಟ. ನಿಯಮ ಮೊದಲೋ ಪ್ರಯೋಗ ಮೊದಲೋ ಎಂಬ ಪ್ರಶ್ನೆಗೆ ಅವನ ಉತ್ತರ ಪುಸ್ತಕದ ರಚನೆಯಲ್ಲೇ ಇದೆ.

ಆದರೂ ಅವನು ಕೆಂಪು ಗೆರೆ ಎಳೆಯದವನಲ್ಲ. ಅಕ್ಷರಗಳ ಭಾಗದಲ್ಲಿ ‘ೞ’ ಎಂಬ ಅಕ್ಷರ ಬರಬೇಕಾದ ಪದಗಳನ್ನು ಪಟ್ಟಿಮಾಡುತ್ತಾನೆ. ಮಳೆ ಆಗ ‘ಮೞೆ’, ಬಾಳೆ ‘ಬಾೞೆ’, ಏಳು ಎಂಬ ಸಂಖ್ಯೆ ‘ಏೞು’. ಎಲ್ಲರ ಬಾಯಲ್ಲೂ ಆ ಸದ್ದು ಸ್ಪಷ್ಟವಾಗಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಕಿವಿಗೆ ವ್ಯತ್ಯಾಸ ಕೇಳಿಸದಾದಾಗ ಬರೆಯುವವರು ತಪ್ಪತೊಡಗುತ್ತಾರೆ. ಆಗ ಪಟ್ಟಿ ಹುಟ್ಟುತ್ತದೆ. ಹಾಗೆ ನೋಡಿದರೆ ಕನ್ನಡದ ಮೊದಲ ಕಾಗುಣಿತ ತಿದ್ದುಪಟ್ಟಿ ಎನ್ನಬಹುದಾದ್ದು ಇದೇ. ಅರ್ನೆಸ್ಟ್‌ನ ಪಟ್ಟಿಗಿಂತ ಸುಮಾರು 700 ವರ್ಷ ಹಳೆಯದು. ಪಟ್ಟಿ ಉಳಿಯಿತು, ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಅಚ್ಚುಹಾಕಿದರು. ಅಕ್ಷರ ಹೋಯಿತು. ಇಂದು ‘ಮೞೆ’ ಎಂದು ಬರೆದರೆ ಯಾವ ಸಾಧನವಾದರೂ ತಪ್ಪೆಂದೇ ತೋರಿಸಬೇಕು, ಕೇಶಿರಾಜನ ಕಾಲಕ್ಕೆ ‘ಮಳೆ’ ಹೇಗೆ ತಪ್ಪೋ ಹಾಗೆ.

ಗೆರೆ ಎಳೆಯಲು ಇನ್ನೂ ಜಾಗ ಹುಡುಕಬೇಕೆಂದರೆ ಡಿ.ಎನ್. ಶಂಕರ ಭಟ್ಟರ ಪುಸ್ತಕ ತೆರೆಯಬಹುದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಅವರು ಮಹಾಪ್ರಾಣಗಳನ್ನು ಬಿಟ್ಟು ‘ಬಾಶೆ’ ಎಂದೇ ಬರೆದರು. ಅದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ, ಗೊತ್ತಿದ್ದೇ ಮಾಡಿದ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ಎರಡಕ್ಕೂ ಯಂತ್ರ ಎಳೆಯುವುದು ಒಂದೇ ಗೆರೆ. ವ್ಯಾಕರಣದಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು. ‘ಅವನು ಬಂದಳು’ ತಪ್ಪು ಎಂದು ಯಂತ್ರಕ್ಕೆ ಕಲಿಸುವುದು ಸುಲಭ. ‘ಅಪ್ಪ ಬಂದ’, ‘ಅಪ್ಪ ಬಂದರು’ ಇವುಗಳಲ್ಲಿ ಯಾವುದು ತಪ್ಪು? ಮನೆಯಿಂದ ಮನೆಗೆ, ಜಿಲ್ಲೆಯಿಂದ ಜಿಲ್ಲೆಗೆ ಉತ್ತರ ಬೇರೆ. ಏಕವಚನದ ಕರ್ತೃವಿಗೆ ಬಹುವಚನದ ಕ್ರಿಯಾಪದ ಕೂಡದೆಂಬ ನಿಯಮ ಹಾಕಿದರೆ ಕನ್ನಡದ ಮರ್ಯಾದೆಯೆಲ್ಲ ಕೆಂಪಾಗುತ್ತದೆ.

ಯಂತ್ರ ನಿಸ್ಸಂಶಯವಾಗಿ ಹಿಡಿಯಬೇಕಾದ ತಪ್ಪುಗಳೂ ಇವೆ, ಅವು ಮನುಷ್ಯರ ಕಣ್ಣಿಗೆ ಬೀಳುವುದೇ ಇಲ್ಲ. ‘ಬೆಂಗಳೂರು’, ‘ಬೆ೦ಗಳೂರು’: ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿದೆ. ಓದುವವರಿಗೆ ಭೇದವಿಲ್ಲ, ಹುಡುಕಾಟದಲ್ಲಿ ಆ ಪುಟ ಸಿಗುವುದಿಲ್ಲ, ಯಂತ್ರಾನುವಾದ ಮುಗ್ಗರಿಸುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಯಂತ್ರಕ್ಕೆ ಇನ್ನೊಂದು. ಇಂಥವಕ್ಕೆ ಪಾಣಿನಿಯೂ ಬೇಡ, ಸರ್ವರೂ ಬೇಡ. ಗೂಗಲ್ ಡಾಕ್ಸ್‌ನ ‘ಹುಡುಕಿ, ಬದಲಿಸಿ’ ಕಿಟಕಿಯಲ್ಲಿ ಅಕ್ಷರಗಳ ನಡುವಿನ ಸೊನ್ನೆಯನ್ನು ಹುಡುಕಿಸಿದರೆ ಒಂದು ಕಡತ ಒಂದೇ ನಿಮಿಷದಲ್ಲಿ ಶುದ್ಧವಾಗುತ್ತದೆ. ಕನ್ನಡದಲ್ಲಿ ದಿನವೂ ಬರೆಯುವವರಿಗೆ ಸದ್ಯಕ್ಕೆ ಇರುವ ಸಾಧನಗಳಲ್ಲಿ ಇದು ನಂಬಬಹುದಾದದ್ದು.

ಉಳಿದದ್ದಕ್ಕೆ ಕನ್ನಡಿಗರಿಗೆ ಒಬ್ಬ ಮನುಷ್ಯರಿದ್ದರು. ‘ಪ್ರಜಾವಾಣಿ’ಯಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯ 1991ರಿಂದ ಬರೆದ ‘ಇಗೋ ಕನ್ನಡ’ ಅಂಕಣಕ್ಕೆ ಓದುಗರು ಈ ಪದ ಸರಿಯೇ, ಆ ಪದ ಎಲ್ಲಿಂದ ಬಂತು ಎಂದು ಬರೆದು ಕೇಳುತ್ತಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು ಪೇಟೆಬೀದಿಯ ಒಂದು ಪದಕ್ಕೂ ಅಷ್ಟೇ ಗಂಭೀರವಾಗಿ ಉತ್ತರ ಬರೆಯುತ್ತಿದ್ದರು. ಅದಕ್ಕೆ ಸಮಯ ಹಿಡಿಯುತ್ತಿತ್ತು. ಪ್ರಶ್ನೆ ಕಳಿಸಿದವರು ಪತ್ರಿಕೆಯಲ್ಲಿ ಉತ್ತರ ಬರುವವರೆಗೂ ಕಾಯಬೇಕಿತ್ತು. ಅವರು 107ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು 2021ರ ಏಪ್ರಿಲ್ 19ರಂದು. ಡಾಕ್ಸ್‌ನ ಪುಟ ಇನ್ನು ಮುಂದೆ ಚಿತ್ರವಾಗಲಿದೆ ಎಂಬ ಘೋಷಣೆ ಬಂದದ್ದು ಅದರ ಮರುತಿಂಗಳು.